ಬಳುವಳಿಗೆ ಬಂದ ನಾಯಿ

ಮದುವೆಯ ಮಾತನ್ನು ಹಿರಿಯರೇ ಆಡುತ್ತಿದ್ದ ಕಾಲದಲ್ಲಿ ಆ ಸಭೆಯಲ್ಲಿ ನಾಯಿಗೆ ಸ್ಥಾನವಿರಲಿಲ್ಲ. ಬೀಗರಾಗತಕ್ಕವರು ಬರುವ ಹೊತ್ತಿಗೆ ಅದನ್ನು ಹಿತ್ತಲಿನ ತೆಂಗಿನ ಮರಕ್ಕೆ ಕಟ್ಟಿಹಾಕುತ್ತಿದ್ದರು. ಅದು ಅಲ್ಲಿಂದಲೇ ತನ್ನ ಅಭಿಪ್ರಾಯವನ್ನು ಗಟ್ಟಿಯಾಗಿ ತಿಳಿಸುತ್ತಿತ್ತು. ಉಪ್ಪಿಟ್ಟು ಕೇಸರಿಬಾತುಗಳ ಸಂಭ್ರಮದಲ್ಲಿ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಈಗ ಕಾಲ ಬದಲಾಗಿದೆ. ಹುಡುಗನು ಹುಡುಗಿಯನ್ನು ತಾನೇ ನೇರವಾಗಿ ಕೇಳುವ ಪದ್ಧತಿ ನಮ್ಮ ನಗರಗಳಿಗೂ ಬಂದಿದೆ. ಆ ಕೇಳಿಕೆಯ ನಾಟಕದಲ್ಲಿ ನಾಯಿಗೂ ಒಂದು ಪಾತ್ರ ದೊರೆತಿದೆ. ಅದರ ಕೊರಳಪಟ್ಟಿಗೆ ಉಂಗುರವನ್ನು ಕಟ್ಟಿ, 'ನಮ್ಮ ಯಜಮಾನನನ್ನು ಮದುವೆಯಾಗುವಿರಾ?' ಎಂದು ಬರೆದ ಸಣ್ಣ ಹಲಗೆಯೊಂದನ್ನು ತೂಗಹಾಕಿ, ಉದ್ಯಾನದಲ್ಲಿ ಏನೂ ಅರಿಯದವಳಂತೆ ಕುಳಿತಿರುವ ಹುಡುಗಿಯ ಬಳಿಗೆ ಓಡಿಸುವುದು. ಗಿಡದ ಮರೆಯಲ್ಲಿ ಛಾಯಾಗ್ರಾಹಕನು ಕಾದಿರುವುದು. ನಡುದಾರಿಯಲ್ಲಿ ಅಳಿಲೊಂದು ಕಾಣಿಸಿಕೊಂಡು, ರಾಯಭಾರಿಯು ಉಂಗುರಸಮೇತ ಬೇರೆ ದಿಕ್ಕಿಗೆ ಹೊರಟುಹೋಗದಿದ್ದರೆ ಕಾರ್ಯ ಸುಗಮ.

ಈ ಹೊಸ ಪದ್ಧತಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹಂಸದ ಮೂಲಕ ನಳನ ಸುದ್ದಿಯನ್ನು ದಮಯಂತಿಗೆ ಮುಟ್ಟಿಸಿದ ದೇಶದವರು ನಾವು. ನಾಯಿಯ ಮೂಲಕ ಮುಟ್ಟಿಸಿದರೆ ಏಕೆ ಮುಖ ಸಿಂಡರಿಸಬೇಕು? ಆದರೆ ನನಗೊಂದು ಸಂದೇಹವುಂಟು. ಹಂಸವು ಸುದ್ದಿ ಹೇಳಿ ಹಾರಿಹೋಯಿತು. ನಾಯಿ ಹಾರಿಹೋಗುವುದಿಲ್ಲ. ಅದು ಮುಂದಿನ ಹತ್ತು ಹನ್ನೆರಡು ವರ್ಷ ಅದೇ ಮನೆಯ ಬಾಗಿಲಲ್ಲಿ ಮಲಗಬೇಕಾದ ಪ್ರಾಣಿ. ನಾಯಿ ಹುಡುಗನದಾದರೆ, ಹುಡುಗಿಯು 'ಆಗಲಿ' ಎಂದಾಗ ಇಬ್ಬರಿಗೆ ಒಪ್ಪಿಗೆ ಕೊಟ್ಟಂತಾಯಿತು. ಹುಡುಗಿಯದಾದರೆ, ಹುಡುಗನು ಇಬ್ಬರನ್ನು ಕೇಳಿದಂತಾಯಿತು. ಹಲಗೆಯ ಮೇಲೆ ಮಾತ್ರ ಒಂದೇ ಪ್ರಶ್ನೆ ಇರುತ್ತದೆ.

ಮದುವೆಯನ್ನೂ ನಾಯಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಮಹಾಶಯರೊಬ್ಬರು ಇದ್ದರು. ೧೮೩೮ರ ಜುಲೈ ತಿಂಗಳಲ್ಲಿ, ಇಪ್ಪತ್ತೊಂಬತ್ತು ವರ್ಷದ ಚಾರ್ಲ್ಸ್ ಡಾರ್ವಿನ್ ಒಂದು ಕಾಗದವನ್ನು ಎರಡು ಪಾಲು ಮಾಡಿ, ಮದುವೆಯಾದರೆ ಏನು ಲಾಭ, ಆಗದಿದ್ದರೆ ಏನು ಲಾಭ ಎಂದು ಪಟ್ಟಿ ಬರೆದನು. ಆಗದಿದ್ದರೆ ಸ್ವಾತಂತ್ರ್ಯ, ಬುದ್ಧಿವಂತರೊಡನೆ ಹರಟೆ, ನೆಂಟರ ಮನೆಗೆ ಹೋಗುವ ಬಲವಂತವಿಲ್ಲ, ಪುಸ್ತಕಕ್ಕೆ ಹಣ. ಆದರೆ ಮಕ್ಕಳು, ಮುಪ್ಪಿನಲ್ಲಿ ಜೊತೆ, ಸಂಗೀತ. ಪ್ರೀತಿಸುವುದಕ್ಕೊಂದು ಜೀವ, ಏನೇ ಆಗಲಿ ನಾಯಿಗಿಂತ ಮೇಲಾದ ಜೊತೆ. ಕೊನೆಗೆ ಮದುವೆಯೇ ಗೆದ್ದಿತು. ೧೮೩೯ರ ಜನವರಿ ೨೯ರಂದು ಸೋದರಮಾವನ ಮಗಳಾದ ಎಮ್ಮಾ ವೆಜ್‌ವುಡ್ಡಳ ಕೈಹಿಡಿದನು. ನಾಯಿಗಳೆಂದರೆ ಆತನಿಗೆ ಬಾಲ್ಯದಿಂದಲೂ ಪ್ರಾಣ. ಆದ್ದರಿಂದ ಆ ಹೋಲಿಕೆಯಲ್ಲಿ ಎಮ್ಮಾಳಿಗೆ ಅವಮಾನವೇನೂ ಇರಲಿಲ್ಲವೆಂದು ನಾವು ನಂಬಬಹುದು. ಆದರೂ ಈ ಪಟ್ಟಿಯಲ್ಲಿ ನಾಯಿಯದು ಬರಿಯ ತೂಕದ ಕಲ್ಲಿನ ಕೆಲಸ. ಮದುವೆಯ ಮಾತಿನೊಳಕ್ಕೆ ಒಂದು ನಾಯಿ ಜೀವಸಹಿತವಾಗಿ ಪ್ರವೇಶಿಸಿದ್ದನ್ನು ನೋಡಬೇಕಾದರೆ ಲಂಡನ್ನಿನ ವಿಂಪೋಲ್ ಬೀದಿಯ ೫೦ನೆಯ ನಂಬರಿನ ಮನೆಗೆ, ಏಳೆಂಟು ವರ್ಷಗಳ ನಂತರ, ಹೋಗಬೇಕು. ಇಂಗ್ಲಿಷ್ ಪಾಠ ಹೇಳುವ ಮಿತ್ರರು ಕ್ಷಮಿಸಬೇಕು. ಅವರ ಹೊಲದ ಬೇಲಿಯನ್ನು ದಾಟುತ್ತಿದ್ದೇನೆ.

ಆ ಮನೆಯ ಮಹಡಿಯ ಕೋಣೆಯಲ್ಲಿ ಎಲಿಜಬೆತ್ ಬ್ಯಾರೆಟ್ ಎಂಬ ಕವಯಿತ್ರಿ ಇದ್ದಳು. ೧೮೦೬ರಲ್ಲಿ ಹುಟ್ಟಿದವಳು, ಬಹುಕಾಲದಿಂದ ರೋಗಿ, ಸೋಫಾವೇ ಅವಳ ಪ್ರಪಂಚ. ೧೮೪೦ರಲ್ಲಿ ಅವಳ ಅಚ್ಚುಮೆಚ್ಚಿನ ತಮ್ಮನು ಟಾರ್ಕಿ ಎಂಬ ಕಡಲೂರಿನ ಬಳಿ ದೋಣಿ ಮುಳುಗಿ ತೀರಿಕೊಂಡನು. ಅವನನ್ನು ಅಲ್ಲಿ ತನ್ನ ಜೊತೆಗೆ ಉಳಿಸಿಕೊಂಡಿದ್ದವಳು ತಾನೇ ಎಂಬ ಕೊರಗು ಅವಳನ್ನು ನೆಲಕ್ಕೆ ಒತ್ತಿಹಾಕಿತು. ಆ ದುಃಖದ ಮರುವರ್ಷ, ೧೮೪೧ರಲ್ಲಿ, ಲೇಖಕಿಯಾದ ಗೆಳತಿ ಮೇರಿ ರಸೆಲ್ ಮಿಟ್‌ಫರ್ಡ್ ಅವಳಿಗೊಂದು ನಾಯಿಮರಿಯನ್ನು ಕಾಣಿಕೆಯಾಗಿ ಕಳುಹಿಸಿದಳು. ಕಾಕರ್ ಸ್ಪ್ಯಾನಿಯಲ್ ಜಾತಿ, ಹೊಂಬಣ್ಣ, ಜೋಲುಕಿವಿ, ಹೆಸರು ಫ್ಲಷ್. ಓಡಿಯಾಡಿ ಹಕ್ಕಿಯೆಬ್ಬಿಸಬೇಕಾದ ಜಾತಿಯ ನಾಯಿ, ಪರದೆ ಎಳೆದ ಕೋಣೆಯಲ್ಲಿ ರೋಗಿಯ ಕಾಲಬುಡದಲ್ಲಿ ವರ್ಷಗಟ್ಟಲೆ ಮಲಗಿತು. ಅವಳು ಅದರ ಮೇಲೆ ಪದ್ಯ ಬರೆದಳು. ಅದಕ್ಕೆ ಓದು ಕಲಿಸುವ ಪ್ರಯತ್ನವನ್ನೂ ಮಾಡಿದಳು. (ಈ ಎರಡನೆಯ ಪ್ರಯತ್ನದ ಫಲಿತಾಂಶವನ್ನು ಅಧ್ಯಾಪಕ ವೃತ್ತಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.)

೧೮೪೫ರ ಜನವರಿ ೧೦ರಂದು ರಾಬರ್ಟ್ ಬ್ರೌನಿಂಗ್ ಎಂಬ ಕವಿಯಿಂದ ಅವಳಿಗೊಂದು ಪತ್ರ ಬಂತು. ಅವಳಿಗಿಂತ ಆರು ವರ್ಷ ಕಿರಿಯವನು, ಅವಳನ್ನು ಕಂಡವನಲ್ಲ. ಅವಳ ಕವಿತೆಗಳನ್ನು ಪ್ರೀತಿಸುವೆನೆಂದು ಬರೆದು, ಅದೇ ಪತ್ರದಲ್ಲಿ ಅವಳನ್ನೂ ಪ್ರೀತಿಸುವೆನೆಂದು ಬರೆದುಬಿಟ್ಟನು. ಮೇ ೨೦ರಂದು ಮೊದಲ ಭೇಟಿ. ಭೇಟಿಯಾದ ಕೆಲವೇ ದಿನಗಳಲ್ಲಿ ಅವನು ಪ್ರಣಯವನ್ನು ನಿವೇದಿಸಿ ಪತ್ರ ಬರೆದನು. ಅವಳು ಬೆದರಿ, ಇಂತಹ ಮಾತನ್ನು ಮತ್ತೆ ಎತ್ತಕೂಡದೆಂದು ತಿಳಿಸಿ ಅದನ್ನು ಹಿಂದಿರುಗಿಸಿದಳು; ಅವನು ಅದನ್ನು ಸುಟ್ಟುಹಾಕಿದನು. ಅವರಿಬ್ಬರ ನಡುವೆ ಓಡಾಡಿದ ಸುಮಾರು ೫೭೦ ಪತ್ರಗಳು ಉಳಿದಿವೆ. ವರನು ಕನ್ಯೆಯನ್ನು ಕೇಳಿದ ಆ ಒಂದು ಪತ್ರ ಮಾತ್ರ ಇಲ್ಲ.

ಅದು ಇಲ್ಲದಿರುವುದರಿಂದ ನಷ್ಟವೇನೂ ಆಗಿಲ್ಲವೆಂದು ನನ್ನ ಮತ. ನಿಜವಾದ ಕೇಳಿಕೆ ಅದಲ್ಲ. ಅದು ನಡೆದದ್ದು ಮರುವರ್ಷದ ಬೇಸಗೆಯಲ್ಲಿ, ನಾಯಿ ಕಚ್ಚಿದ ಮೇಲೆ.

ಫ್ಲಷ್ಷಿಗೆ ಈ ಹೊಸ ಅತಿಥಿ ಹಿಡಿಸಲಿಲ್ಲ. ಮೆಟ್ಟಿಲ ಮೇಲೆ ಅವನ ಹೆಜ್ಜೆಯ ಸದ್ದಾದರೆ ಸಾಕು, ಅಷ್ಟು ವರ್ಷ ತನ್ನೊಬ್ಬನದೇ ಆಗಿದ್ದ ಕೋಣೆಯಲ್ಲಿ ತಾನು ಹೊರಗಿನವನಾಗುತ್ತಿದ್ದೇನೆಂಬುದು ಆ ಮೂಕಪ್ರಾಣಿಗೆ ತಿಳಿದುಹೋಗುತ್ತಿತ್ತು. ೧೮೪೬ರ ಬೇಸಗೆಯಲ್ಲಿ ಅದು ಬ್ರೌನಿಂಗನ ಮೇಲೆ ಹಾಯ್ದು ಕಚ್ಚಿತು. ಒಮ್ಮೆಯಲ್ಲ, ಸ್ವಲ್ಪ ದಿನಗಳ ಅಂತರದಲ್ಲಿ ಎರಡು ಬಾರಿ. ಎಲಿಜಬೆತ್ ಲಜ್ಜೆಯಿಂದ ಕುಗ್ಗಿಹೋದಳು. ಸೇವಕಿ ವಿಲ್ಸನ್ ನಾಯಿಗೆ ಎರಡು ಬಿಟ್ಟಳು.

ಇಲ್ಲಿ ವಾಚಕರು ಒಂದು ಕ್ಷಣ ನಿಂತು ಯೋಚಿಸಬೇಕು. ವರನಾಗಬೇಕೆಂದಿರುವ ಮನುಷ್ಯನಿಗೆ ಕನ್ಯೆಯ ಕಣ್ಣೆದುರಿನಲ್ಲೇ ನಾಯಿ ಕಚ್ಚಿದೆ. ಅವನು ಏನು ಮಾಡಬಹುದು? 'ಆ ನಾಯಿಯನ್ನು ಕಟ್ಟಿಹಾಕಿ' ಎನ್ನಬಹುದು, ಯಾರೂ ತಪ್ಪೆನ್ನಲಾರರು. ಬಾಯಲ್ಲಿ 'ಪರವಾಯಿಲ್ಲ' ಎಂದು, ಮನಸ್ಸಿನಲ್ಲಿ 'ಮದುವೆಯೊಂದು ಆಗಲಿ, ಆಮೇಲೆ ನೋಡಿಕೊಳ್ಳೋಣ' ಎಂದುಕೊಳ್ಳಬಹುದು. ಈ ಎರಡನೆಯ ವರ್ಗದ ವರರ ಸಂಖ್ಯೆ ಯಾವ ದೇಶದಲ್ಲಿಯೂ ಕಡಮೆಯಿಲ್ಲ. ಅವರು ಹಾಗೆ ನೋಡಿಕೊಳ್ಳುವುದು ನಾಯಿಯೊಂದನ್ನೇ ಅಲ್ಲ, ಹೆಂಡತಿಯ ವೀಣೆಯನ್ನೂ ಅವಳ ಉದ್ಯೋಗವನ್ನೂ ಅವಳ ವಯಸ್ಸಾದ ತಾಯಿಯನ್ನೂ ಹಾಗೆಯೇ ನೋಡಿಕೊಳ್ಳುತ್ತಾರೆ. ಬ್ರೌನಿಂಗ್ ಈ ಎರಡು ವರ್ಗಗಳಿಗೂ ಸೇರಲಿಲ್ಲ. ನಾಯಿಯ ಮೇಲೆ ತನಗೆ ಸಿಟ್ಟಿಲ್ಲವೆಂದೂ, ಆ ಅಸೂಯೆಯ ಕಾವಲಿಗಾಗಿಯೇ ಅದರ ಮೇಲೆ ತನಗೆ ಪ್ರೀತಿಗೌರವಗಳಿವೆಯೆಂದೂ, ಅವಳನ್ನು ಒಮ್ಮೆ ಅರಿತ ಜೀವ ಇನ್ನೊಬ್ಬರನ್ನು ಅರಿಯಲು ತಡಮಾಡುವುದು ಸಹಜವೇ ಎಂದೂ ಬರೆದನು. ಆಮೇಲೆ ನಾಯಿಗೆಂದು ಕೇಕುಗಳನ್ನು ತಂದನು. ಎಲಿಜಬೆತ್ ಅವನ್ನು ಕೂಡಲೇ ಕೊಡಲಿಲ್ಲ. ಇವನ್ನು ತಂದವರು ಯಾರು, ನೀನು ಅವರಿಗೆ ಮಾಡಿದ್ದೇನು ಎಂದು ಚೆನ್ನಾಗಿ ಬೋಧಿಸಿ, ಪಶ್ಚಾತ್ತಾಪದ ಲಕ್ಷಣಗಳು ಕಂಡ ಮೇಲೆಯೇ ತಿನ್ನಿಸಿದಳು. ಸುಟ್ಟುಹೋದ ಪತ್ರದಲ್ಲಿ ಅವನು ಒಬ್ಬಳನ್ನು ಕೇಳಿದ್ದನು. ಈ ಪತ್ರದಲ್ಲಿ, ಮದುವೆಯ ಹೆಸರೆತ್ತದೆಯೇ, ಇಬ್ಬರನ್ನೂ ಕೇಳಿದನು.

ನಮ್ಮ ನಾಡಿನ ಒಂದು ಶಾಸನ ನನಗಿಲ್ಲಿ ನೆನಪಾಗುತ್ತದೆ. ತಕ್ಕೋಲದ ಯುದ್ಧದಲ್ಲಿ ಚೋಳರು ಸೋತ ಕಾಲ, ಕ್ರಿ.ಶ. ೯೪೯-೫೦. ಗಂಗ ಬೂತುಗನ ಕಡೆಯ ವೀರ ಮಣಲೇರನ ಶೌರ್ಯಕ್ಕೆ ಮೆಚ್ಚಿ ಒಡೆಯನು 'ಬೇಕಾದುದನ್ನು ಕೇಳಿಕೋ' ಎಂದನು. ಊರು, ಹೊಲ, ಹೊನ್ನು ಏನನ್ನಾದರೂ ಕೇಳಬಹುದಾಗಿದ್ದವನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದನು. ಆ ನಾಯಿ ಮುಂದೆ ಒಂದು ಕಾಡುಹಂದಿಯೊಡನೆ ಸೆಣಸಿ, ಎರಡೂ ಸತ್ತವು. ಮದ್ದೂರಿನ ಹತ್ತಿರದ ಆತಕೂರಿನಲ್ಲಿ ಅದಕ್ಕೆ ಕಲ್ಲು ನಿಲ್ಲಿಸಿ ದತ್ತಿ ಬಿಟ್ಟರು. ನಾಯಿಯೂ ಹಂದಿಯೂ ಕಾದುವ ಚಿತ್ರವುಳ್ಳ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕೇಳುವ ಅವಕಾಶ ಬಂದಾಗ ನಾಯಿಯನ್ನೂ ಬಾಯಿಬಿಟ್ಟು ಕೇಳಬೇಕೆಂಬ ವಿವೇಕ ನಮ್ಮವರಿಗೆ ಸಾವಿರ ವರ್ಷದ ಹಿಂದೆಯೇ ಇತ್ತು.

ಇತ್ತ ಲಂಡನ್ನಿನಲ್ಲಿ ಮದುವೆಯ ಮಾತು ಗುಟ್ಟಾಗಿ ನಡೆಯಬೇಕಾಗಿತ್ತು. ಎಲಿಜಬೆತ್ತಳ ತಂದೆ ತನ್ನ ಮಕ್ಕಳಲ್ಲಿ ಯಾರೂ ಮದುವೆಯಾಗಕೂಡದೆಂಬ ವಿಚಿತ್ರ ಹಟದವನು. ಮಗಳಾಗಲಿ ಮಗನಾಗಲಿ, ಮೀರಿದವರಿಗೆ ಆಸ್ತಿಯಿಲ್ಲ, ಮುಖದರ್ಶನವಿಲ್ಲ. ಆದ್ದರಿಂದ ಇಟಲಿಗೆ ಹೊರಟುಹೋಗುವುದೆಂದು ಇಬ್ಬರೂ ನಿಶ್ಚಯಿಸಿದ್ದರು. ಇನ್ನೇನು ದಿನ ಗೊತ್ತಾಗಬೇಕು ಎನ್ನುವಾಗ, ೧೮೪೬ರ ಸೆಪ್ಟೆಂಬರ್ ೧ರಂದು, ಅಂಗಡಿಯಿಂದ ಹೊರಬಂದು ಗಾಡಿ ಹತ್ತುವಷ್ಟರಲ್ಲಿ ಫ್ಲಷ್ ಮಾಯವಾಯಿತು.

ಶ್ರೀಮಂತರ ನಾಯಿಗಳನ್ನು ಕದ್ದು, ಹಣ ಪಡೆದು ಹಿಂದಿರುಗಿಸುವುದು ಆಗಿನ ಲಂಡನ್ನಿನಲ್ಲಿ ಒಂದು ಕಸಬಾಗಿತ್ತು. ಅದನ್ನು ತಡೆಯಲು ಪಾರ್ಲಿಮೆಂಟು ೧೮೪೫ರಲ್ಲಿ ಕಾಯಿದೆಯನ್ನೇ ಮಾಡಿತ್ತು, ಕಸಬು ನಿಂತಿರಲಿಲ್ಲ. ಫ್ಲಷ್ ಅದಕ್ಕೆ ಹಿಂದೆ ಎರಡು ಸಲ ಕಳುವಾಗಿ ಬಂದಿತ್ತು. ಹಣ ಕೊಡದಿದ್ದರೆ ನಾಯಿಯ ತಲೆಯೂ ಪಂಜಗಳೂ ಪೊಟ್ಟಣವಾಗಿ ಮನೆಗೆ ಬರುವುವೆಂಬ ಬೆದರಿಕೆ ಎಲ್ಲರಿಗೂ ತಿಳಿದದ್ದೇ. ಈ ಸಲ ಟೇಲರ್ ಎಂಬ ಮುಖಂಡನು ಕೇಳಿದ್ದು ಆರು ಗಿನಿ. ಆರು ಗಿನಿ ಎಂದರೆ ಎಷ್ಟೆಂದು ತಿಳಿಯಬೇಕಾದರೆ, ಅದೇ ಮನೆಯ ಸೇವಕಿ ವಿಲ್ಸನ್ನಳ ಇಡೀ ವರ್ಷದ ಸಂಬಳ ಹದಿನಾರು ಪೌಂಡೆಂಬುದನ್ನು ನೆನೆಯಬೇಕು.

ತಂದೆ ಕೊಡಕೂಡದೆಂದನು. ತಮ್ಮಂದಿರಿಗೂ ಮನಸ್ಸಿರಲಿಲ್ಲ. ಅವಳಿಗೆ ನೋವಾದದ್ದು ಮಾತ್ರ ಮೂರನೆಯ ಕಡೆಯಿಂದ: ಬ್ರೌನಿಂಗ್ ಕೂಡ ಕೊಡಬಾರದೆಂದು ಬರೆದನು. ದುಷ್ಟರಿಗೆ ಬಾಗುವುದೆಂದರೆ ದುಷ್ಟತನಕ್ಕೆ ಬಂಡವಾಳ ಹಾಕಿದಂತೆ. ತಾನಾದರೆ ಒಂದು ಕಾಸನ್ನೂ ಕೊಡದೆ, ಆ ಕಳ್ಳರನ್ನು ಬಗ್ಗುಬಡಿಯುವುದಕ್ಕೆ ಜನ್ಮವನ್ನೇ ಮುಡಿಪಿಡುವೆನು ಎಂಬುದು ಅವನ ವಾದ. ತರ್ಕದಲ್ಲಿ ದೋಷವೆಲ್ಲಿದೆ? ಹಣ ಕೊಟ್ಟವರೆಲ್ಲರೂ ಮುಂದಿನ ಮನೆಯ ನಾಯಿ ಕಳುವಾಗಲು ನೆರವಾದಂತೆಯೇ ಸರಿ. ಕಾಲೇಜಿನ ಚರ್ಚಾಸ್ಪರ್ಧೆಯಾಗಿದ್ದರೆ ತೀರ್ಪುಗಾರನಾದ ನಾನು ಬಹುಮಾನವನ್ನು ಅವನಿಗೇ ಕೊಡುತ್ತಿದ್ದೆ. ಆದರೆ ವಾದ ಮುಗಿಯುವವರೆಗೆ ಫ್ಲಷ್ಷಿನ ಕಿವಿಗಳು ಅದರ ತಲೆಯ ಮೇಲೆಯೇ ಇರುವುವೆಂದು ಹೊಣೆ ನಿಲ್ಲುವವರು ಯಾರು? ಅವಳು ಅವನಿಗೆ ಬರೆದ ಮರುಪ್ರಶ್ನೆ ಎಷ್ಟು ಹರಿತವೆಂದರೆ, ನಾಳೆ ಇಟಲಿಯಲ್ಲಿ ದರೋಡೆಕೋರರು ತನ್ನನ್ನೇ ಹೊತ್ತೊಯ್ದು, ಕಿವಿ ಕತ್ತರಿಸಿ ಕಳುಹಿಸುವೆವೆಂದರೆ ಆಗಲೂ ಇದೇ ನೀತಿಯೇ ಎಂದು ಕೇಳಿದಳು.

ಮದುವೆಗೆ ಕೆಲವೇ ದಿನಗಳಿದ್ದವೆಂಬುದನ್ನು ಮರೆಯಬಾರದು. ಇಂತಹ ಹೊತ್ತಿನಲ್ಲಿ ವರನ ಮಾತನ್ನು ಮೀರುವುದು ಇಂದಿಗೂ ಹೆಣ್ಣಿಗೆ ಸುಲಭವಲ್ಲ. 'ನಾಯಿ ತಾನೇ? ಇನ್ನೊಂದನ್ನು ತಂದರಾಯಿತು' ಎಂದುಕೊಂಡಿದ್ದರೆ ಯಾವ ತಂಟೆಯೂ ಇರುತ್ತಿರಲಿಲ್ಲ. ವರ್ಷಗಳಿಂದ ಮಹಡಿಯಿಳಿಯುವುದೇ ಪ್ರಯಾಸವಾಗಿದ್ದ ಆ ಹೆಂಗಸು ಬಾಡಿಗೆ ಗಾಡಿ ತರಿಸಿ, ಹೆದರಿ ನಡುಗುತ್ತಿದ್ದ ವಿಲ್ಸನ್ನಳನ್ನು ಜೊತೆಗೆ ಕರೆದುಕೊಂಡು, ಷೋರ್‌ಡಿಚ್ ಕಡೆಯ ಕಳ್ಳರ ಕೇರಿಗೆ ತಾನೇ ಹೋದಳು. ಟೇಲರ್ ಮನೆಯಲ್ಲಿರಲಿಲ್ಲ, ಅವನ ಹೆಂಡತಿ ಗಾಡಿಯ ಬಳಿ ಬಂದು ಬಹಳ ಉಪಚಾರದ ಮಾತನಾಡಿದಳು. ಟೇಲರ್ ಹಣಕ್ಕೆಂದು ವಿಂಪೋಲ್ ಬೀದಿಗೆ ಬಂದಾಗ, ಅವಳ ತಮ್ಮನೊಬ್ಬನು ಅವನನ್ನು ಕಳ್ಳ ಸುಳ್ಳನೆಂದು ಬೈದುದರಿಂದ ಮಾತು ಮುರಿಯಿತು. ಮತ್ತೆ ತಾನೇ ಹೊರಡುವೆನೆಂದು ಅವಳು ಎದ್ದುನಿಂತಾಗ, ಇನ್ನೊಬ್ಬ ತಮ್ಮನು ಹಣ ಹಿಡಿದು ಹೋಗಿ ವ್ಯವಹಾರ ಮುಗಿಸಿದನು. ಕೊನೆಗೊಂದು ರಾತ್ರಿ ಫ್ಲಷ್ ಬಡಕಲಾಗಿ, ಕೊಳಕಾಗಿ, ಬಾಯಾರಿ ಮನೆಗೆ ಬಂತು. ಈ ಸಾಹಸದಲ್ಲಿ ಆರು ಗಿನಿಯ ಒಡತಿಯ ಹೆಸರು ಸಾಹಿತ್ಯ ಚರಿತ್ರೆಯಲ್ಲಿ ನಿಂತಿದೆ. ಹದಿನಾರು ಪೌಂಡಿನ ವಿಲ್ಸನ್ನಳದು ಅಡಿಟಿಪ್ಪಣಿಯಲ್ಲಿದೆ. ನನಗೆ ಅವಳ ಮೇಲೂ ಗೌರವ. ಅವಳಿಗೆ ಆ ನಾಯಿ ಏನಾಗಬೇಕಾಗಿತ್ತು?

ಸೆಪ್ಟೆಂಬರ್ ೧೨ರಂದು ಸೇಂಟ್ ಮ್ಯಾರಿಲಬನ್ ಚರ್ಚಿನಲ್ಲಿ ಮದುವೆ. ದಾರಿಯಲ್ಲಿ ವಧುವಿಗೆ ತಲೆ ಸುತ್ತಿ, ಔಷಧದಂಗಡಿಯಲ್ಲಿ ನಿಂತು ಚೇತರಿಸಿಕೊಳ್ಳಬೇಕಾಯಿತು. ಸಾಕ್ಷಿಗಳು ಇಬ್ಬರೇ: ವಿಲ್ಸನ್ ಮತ್ತು ವರನ ಕಡೆಯ ಒಬ್ಬ ಬಂಧು. ಮದುವೆಯಾದವಳು ಉಂಗುರ ತೆಗೆದಿಟ್ಟು ತಂದೆಯ ಮನೆಗೆ ಹಿಂದಿರುಗಿ, ಒಂದು ವಾರ ಏನೂ ಆಗದವಳಂತಿದ್ದಳು.

ಆ ಕಾಲದ ಇಂಗ್ಲೆಂಡಿನ ನ್ಯಾಯದ ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಬೇಕು. ಮದುವೆಯಾದ ಹೆಣ್ಣಿನ ಚರಸ್ವತ್ತೆಲ್ಲ, ಬೇರೆ ಕರಾರಿಲ್ಲದಿದ್ದರೆ, ಗಂಡನಿಗೆ ಸೇರುತ್ತಿತ್ತು. ೧೮೮೨ರ ಕಾಯಿದೆ ಬರುವವರೆಗೆ ಆ ಸ್ಥಿತಿ ಪೂರ್ತಿಯಾಗಿ ತಪ್ಪಲಿಲ್ಲ. ನಾಯಿಯೂ ಚರಸ್ವತ್ತೇ. ಎಂದರೆ, ಚರ್ಚಿನ ಪುಸ್ತಕದಲ್ಲಿ ಅವಳು ರುಜು ಹಾಕಿದ ಗಳಿಗೆಯಲ್ಲಿ, ಮಹಡಿಯ ಕೋಣೆಯಲ್ಲಿ ನಿದ್ರಿಸುತ್ತಿದ್ದ ಫ್ಲಷ್, ತಾನು ಎರಡು ಸಲ ಕಚ್ಚಿದ ಮನುಷ್ಯನ ಸೊತ್ತಾಯಿತು. ನಮ್ಮಲ್ಲಿ ಮಗಳ ಜೊತೆಗೆ ಹಸುವನ್ನೋ ಕರುವನ್ನೋ ಬಳುವಳಿ ಕೊಡುವುದುಂಟು. ಇಲ್ಲಿ ತಂದೆ ಮಗಳನ್ನೇ ಕೊಡಲಿಲ್ಲ. ಬಳುವಳಿ ತಾನಾಗಿಯೇ ಸಂದಿತು.

ನ್ಯಾಯಶಾಸ್ತ್ರ ಈಗ ಬಹಳ ಮುಂದುವರಿದಿದೆ. ೨೦೧೯ರಿಂದ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ವಿಚ್ಛೇದನದ ವೇಳೆ ಸಾಕುಪ್ರಾಣಿಯ ಪಾಲನೆಯನ್ನೂ ನೋಡಿ ಅದು ಯಾರ ಬಳಿ ಇರಬೇಕೆಂದು ನ್ಯಾಯಾಧೀಶರು ತೀರ್ಮಾನಿಸಬಹುದು. ಸ್ಪೇನಿನಲ್ಲಿ ೨೦೨೧ರ ಕಾಯಿದೆ ಪ್ರಾಣಿಗಳನ್ನು ಬರಿಯ ವಸ್ತುಗಳೆನ್ನದೆ ಸುಖದುಃಖವುಳ್ಳ ಜೀವಗಳೆಂದು ಒಪ್ಪಿದೆ. ಸಂತೋಷ. ಆದರೆ ಗಂಡಹೆಂಡಿರು ಬೇರೆಯಾಗುವಾಗ ನ್ಯಾಯಾಧೀಶರು ಕೇಳುವ ಪ್ರಶ್ನೆಯನ್ನು, ಒಂದಾಗುವಾಗ ಅವರಿಬ್ಬರೇ ಕಾಫಿ ಕುಡಿಯುತ್ತ ಕೇಳಿಕೊಳ್ಳಬಾರದೆ? ನಮ್ಮ ಊರುಗಳಲ್ಲಂತೂ ಪ್ರಶ್ನೆಗಳಿಗೆ ಬರವಿಲ್ಲ. ಬಾಡಿಗೆ ಮನೆಯ ಒಡೆಯರು ನಾಯಿಗೆ ಒಪ್ಪುವರೆ? ಅತ್ತೆಯವರು ಮಡಿಯಲ್ಲಿರುವಾಗ ಅದು ಅಡಿಗೆಮನೆಗೆ ನುಗ್ಗಿದರೆ ಗತಿಯೇನು? ಇಬ್ಬರೂ ಕೆಲಸಕ್ಕೆ ಹೋದರೆ ಹಗಲೆಲ್ಲ ಅದು ಯಾರ ಮುಖ ನೋಡಬೇಕು? ಮಗು ಹುಟ್ಟಿದ ಮೇಲೆ ಅದನ್ನು ಹಳ್ಳಿಯ ತೋಟಕ್ಕೆ ಸಾಗಿಸುವ ಯೋಚನೆ ಯಾರಿಗಾದರೂ ಮನಸ್ಸಿನ ಮೂಲೆಯಲ್ಲಿದೆಯೆ? ಇಷ್ಟನ್ನು ಮಾತನಾಡಿ ಮುಗಿಸಿದ ಮೇಲೆ ಕೊರಳಪಟ್ಟಿಗೆ ಉಂಗುರ ಕಟ್ಟಿದರೆ ಛಾಯಾಚಿತ್ರವೇನೂ ಕೆಡುವುದಿಲ್ಲ.

ಸೆಪ್ಟೆಂಬರ್ ೧೯ರಂದು, ಮನೆಯವರು ಊಟದಲ್ಲಿದ್ದಾಗ, ಶ್ರೀಮತಿ ಬ್ರೌನಿಂಗ್ ವಿಲ್ಸನ್ನಳೊಡನೆ ಮೆಟ್ಟಿಲಿಳಿದಳು. ಫ್ಲಷ್ ಜೊತೆಗಿತ್ತು. ಒಂದು ಬೊಗಳು ಸಾಕಾಗಿತ್ತು, ಎಲ್ಲವೂ ಮುಗಿದುಹೋಗುತ್ತಿತ್ತು. ಅದು ಬೊಗಳಲಿಲ್ಲ. ಪುಸ್ತಕದಂಗಡಿಯೊಂದರಲ್ಲಿ ಬ್ರೌನಿಂಗ್ ಕಾದಿದ್ದನು. ತಂದೆ ಆಮೇಲೆ ಅವಳ ಪತ್ರಗಳನ್ನು ಒಡೆಯಲೂ ಇಲ್ಲ.

ಇಟಲಿಯ ಪೀಸಾದಿಂದ ಅವಳು ಬರೆದ ಪತ್ರಗಳಲ್ಲಿ ಒಂದು ದೂರು ಬರುತ್ತದೆ. ಗಂಡನಾದ ರಾಬರ್ಟನನ್ನು ದೇವರು ಸೃಷ್ಟಿಸಿರುವುದು ತನ್ನ ಸೇವೆಗಾಗಿಯೇ ಎಂದು ಫ್ಲಷ್ ತಿಳಿದುಕೊಂಡುಬಿಟ್ಟಿದೆ ಎಂಬುದಾಗಿ ರಾಬರ್ಟನೇ ಹೇಳುತ್ತಾನೆಂದೂ, ನೋಡಿದರೆ ಹಾಗೆಯೇ ಕಾಣುವುದೆಂದೂ ಬರೆದಿದ್ದಾಳೆ. ಮುಂದೆ ಫ್ಲಾರೆನ್ಸಿನಲ್ಲಿ ಚಿಗಟಗಳ ಕಾಟ ವಿಪರೀತವಾದಾಗ, ಕತ್ತರಿ ಹಿಡಿದು ಅದರ ಮೈಕೂದಲನ್ನೆಲ್ಲ ಕತ್ತರಿಸಿದವನೂ ಅವನೇ. ಆ ಸಲ ಅದು ಕಚ್ಚಿದ ವರದಿಯಿಲ್ಲ. ಕಳ್ಳರ ಭಯವಿಲ್ಲದ ಆ ಊರಿನ ಬೀದಿಗಳಲ್ಲಿ ಮನಸ್ಸು ಬಂದಂತೆ ಅಲೆದು, ಮುದಿಯಾಗಿ, ೧೮೫೪ರಲ್ಲಿ ಅದು ತೀರಿಕೊಂಡಿತು. ಅವರು ವಾಸವಾಗಿದ್ದ ಕಾಸಾ ಗ್ವೀದಿಯ ನೆಲಮಾಳಿಗೆಯಲ್ಲಿ ಅದನ್ನು ಹೂತರು.